ಅಡಿಟಿಪ್ಪಣಿಯ ಜಾಲವಿಳಾಸ: ಪ್ರಶ್ನಾಂಶವನ್ನು ನೋಡಿ ಮಾಡುವ ಮರುನಿರ್ದೇಶನವನ್ನು ಕುರಿತು

ಸಂಶೋಧನ ಲೇಖನದಲ್ಲಿ ಅಡಿಟಿಪ್ಪಣಿಯೆಂಬುದು ಅಲಂಕಾರಕ್ಕಾಗಿ ಇರುವುದಲ್ಲ. ಲೇಖಕನು ಹೇಳಿದ ಮಾತನ್ನು ವಾಚಕನು ತಾನೇ ಪರೀಕ್ಷಿಸಿ ನೋಡಲೆಂದು ತೆರೆದಿಟ್ಟ ಬಾಗಿಲು ಅದು. ಆ ಬಾಗಿಲು ಮುಚ್ಚಿಹೋದರೆ ಲೇಖನದ ಪ್ರಾಮಾಣ್ಯವೂ ಅಷ್ಟರಮಟ್ಟಿಗೆ ಕುಂದುತ್ತದೆ. ಈ ಶತಮಾನದ ಮೊದಲ ಎರಡು ದಶಕಗಳಲ್ಲಿ ಕನ್ನಡ ಸಂಶೋಧಕರು, ಅದರಲ್ಲಿಯೂ ನಮ್ಮಂತೆ ಕರ್ನಾಟಕದ ಹೊರಗೆ ನೆಲಸಿದವರು, ಗ್ರಂಥದ ಹೆಸರು, ಮುದ್ರಣದ ವರ್ಷ, ಪುಟಸಂಖ್ಯೆಗಳ ಜೊತೆಗೆ ಆ ಗ್ರಂಥವನ್ನು ತಾವು ಓದಿದ ಜಾಲವಿಳಾಸವನ್ನೂ ಟಿಪ್ಪಣಿಯಲ್ಲಿ ಕೊಡುವುದು ರೂಢಿಯಾಯಿತು. ಅಂಥ ವಿಳಾಸಗಳಲ್ಲಿ ಅನೇಕವು ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಎಂಬ ಜಾಲಗ್ರಂಥಾಲಯದವು. ಇಂದು ಅವುಗಳಲ್ಲಿ ಒಂದೂ ತೆರೆಯುವುದಿಲ್ಲ.

ಈ ಗ್ರಂಥಾಲಯದ ಚರಿತ್ರೆಯನ್ನು ಬಹಳ ವಿಸ್ತರಿಸಬೇಕಾದುದಿಲ್ಲ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ರಾಜ್ ರೆಡ್ಡಿಯವರು (ಅಂದಿನ ಚಿತ್ತೂರು ಜಿಲ್ಲೆಯ ಕಾಟೂರಿನವರು, ಆಂಧ್ರದೇಶದ ವಾಚಕರಿಗೆ ಇದು ಹೆಮ್ಮೆಯ ವಿಷಯ) ಹತ್ತು ಲಕ್ಷ ಪುಸ್ತಕಗಳನ್ನು ಸ್ಕ್ಯಾನ್ ಮಾಡಿಸಿ ಜಾಲದಲ್ಲಿಡುವ ಯೋಜನೆಯೊಂದನ್ನು ಕೈಗೊಂಡರು. ಅದರ ಭಾರತೀಯ ಶಾಖೆಯ ಸಮನ್ವಯವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಎನ್. ಬಾಲಕೃಷ್ಣನ್ ಅವರು ವಹಿಸಿಕೊಂಡರು. ೨೦೦೩ನೆಯ ಸೆಪ್ಟೆಂಬರ್ ೮ರಂದು ಅಂದಿನ ರಾಷ್ಟ್ರಪತಿ ಎ. ಪಿ. ಜೆ. ಅಬ್ದುಲ್ ಕಲಾಂ ಅವರು ಅದನ್ನು ಉದ್ಘಾಟಿಸಿದರು. ಹೈದರಾಬಾದಿನ ಐಐಐಟಿಯೂ ಇದರಲ್ಲಿ ದೊಡ್ಡ ಪಾಲುಗಾರ. ಮೈಸೂರಿನ ಪ್ರಾಚ್ಯ ವಿದ್ಯಾ ಸಂಶೋಧನಾಲಯಕ್ಕಾಗಲಿ ಬೆಂಗಳೂರಿನ ಸಾಹಿತ್ಯ ಪರಿಷತ್ತಿಗಾಗಲಿ ವರ್ಷಕ್ಕೊಮ್ಮೆ ಹೋಗಿಬರುವುದೂ ಪ್ರಯಾಸವಾಗಿರುವ ಉದ್ಯೋಗಸ್ಥನಿಗೆ ಆ ದಿನಗಳಲ್ಲಿ ಇದೊಂದೇ ಕನ್ನಡ ಗ್ರಂಥಾಲಯವಾಗಿತ್ತೆಂದರೆ ಅತಿಶಯೋಕ್ತಿಯಲ್ಲ. ಕಳೆದ ದಶಕದ ಉತ್ತರಾರ್ಧದಲ್ಲಿ ಅದು ಜಾಲದಿಂದ ಮರೆಯಾಯಿತು. ಪುಸ್ತಕಗಳು ನಾಶವಾಗಲಿಲ್ಲ. ಬಹಳಷ್ಟು ಪ್ರತಿಗಳು ‘ಇಂಟರ್ನೆಟ್ ಆರ್ಕೈವ್’ ಎಂಬ ಸಂಸ್ಥೆಯ ಭಂಡಾರವನ್ನು ಸೇರಿ ಇಂದಿಗೂ ಓದಲು ದೊರೆಯುತ್ತವೆ. ಪುಸ್ತಕವಿದೆ, ಟಿಪ್ಪಣಿಯಿದೆ, ಇವೆರಡರ ನಡುವಣ ದಾರಿ ಮಾತ್ರ ಕಡಿದುಹೋಗಿದೆ. ಆ ದಾರಿಯನ್ನು ಮತ್ತೆ ಕಟ್ಟಬಹುದೆ, ಕಟ್ಟುವುದಾದರೆ ಹೇಗೆ, ಎಂಬುದೇ ಪ್ರಕೃತ ಲೇಖನದ ವಿಷಯ.

ಮೊದಲು ಜಾಲವಿಳಾಸದ ಅಂಗಗಳನ್ನು ತಿಳಿಯಬೇಕು. ವಿಳಾಸದ ಆದಿಯಲ್ಲಿ ಸರ್ವರಿನ ಹೆಸರಿರುತ್ತದೆ; ಯಾವ ಯಂತ್ರವನ್ನು ಕೇಳಬೇಕೆಂಬುದನ್ನು ಅದು ಹೇಳುತ್ತದೆ. ಅದರ ಮುಂದೆ ಓರೆಗೆರೆಗಳಿಂದ ವಿಭಾಗಿಸಿದ ಭಾಗ ಬರುತ್ತದೆ, ಅದನ್ನು ಪಥವೆನ್ನೋಣ. ಅನಂತರ ಕೆಲವು ವಿಳಾಸಗಳಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಇದ್ದು, ಅದರ ಮುಂದೆ ‘ಹೆಸರು=ಬೆಲೆ’ ಎಂಬ ಆಕಾರದ ಜೋಡಿಗಳು ‘&’ ಚಿಹ್ನೆಯಿಂದ ಪೋಣಿಸಲ್ಪಟ್ಟಿರುತ್ತವೆ. ಪ್ರಶ್ನಾರ್ಥಕ ಚಿಹ್ನೆಯ ಮುಂದಣ ಈ ಭಾಗವನ್ನೇ ಇಲ್ಲಿ ಪ್ರಶ್ನಾಂಶವೆಂದು ಕರೆದಿದ್ದೇನೆ. ಒಂದೊಂದು ಜೋಡಿಯೂ ಒಂದು ಪ್ಯಾರಾಮೀಟರು. ವಿದ್ವಾಂಸರು ಇದಕ್ಕಿಂತ ಒಳ್ಳೆಯ ಹೆಸರನ್ನು ಸೂಚಿಸಿದರೆ ಸಂತೋಷದಿಂದ ಸ್ವೀಕರಿಸುತ್ತೇನೆ.

ಪಥಕ್ಕೂ ಪ್ರಶ್ನಾಂಶಕ್ಕೂ ಇರುವ ಭೇದವನ್ನು ವಿಶಾಖಪಟ್ಟಣದ ವಾಚಕರಿಗೆ ಒಂದು ದೃಷ್ಟಾಂತದಿಂದ ಹೇಳಬಹುದು. ರೈಲ್ವೆ ನಿಲ್ದಾಣದಲ್ಲಿ ಆಟೋ ಹತ್ತಿ ‘ಎಂವಿಪಿ ಕಾಲೋನಿ’ ಎಂದರೆ ಚಾಲಕನು ಗಾಡಿಯನ್ನು ಹೊರಡಿಸುತ್ತಾನೆ, ಆದರೆ ತಿರುಗಿ ನೋಡಿ ‘ಯಾವ ಸೆಕ್ಟರು?’ ಎಂದು ಕೇಳದೆ ಬಿಡುವುದಿಲ್ಲ. ಮುವ್ವಲವಾನಿಪಾಲೆಂ ಎಂಬ ಹಳೆಯ ಊರಿನ ಹೆಸರನ್ನು ಮೂರು ಅಕ್ಷರಗಳಲ್ಲಿ ಅಡಗಿಸಿಕೊಂಡಿರುವ ಈ ಬಡಾವಣೆ ಅಷ್ಟು ವಿಸ್ತಾರವಾದುದು. ಕಾಲೋನಿಯ ಹೆಸರು ಪಥವಿದ್ದಂತೆ. ಸೆಕ್ಟರು, ಮನೆಯ ಸಂಖ್ಯೆಗಳು ಪ್ರಶ್ನಾಂಶವಿದ್ದಂತೆ. ಕಾಲೋನಿಗೆ ಬಂದವರೆಲ್ಲರಿಗೂ ಪಥ ಒಂದೇ. ಯಾರ ಮನೆಗೆ ಬಂದರೆಂಬುದು ಪ್ರಶ್ನಾಂಶದಿಂದಲೇ ತಿಳಿಯತಕ್ಕದ್ದು.

ಡಿಜಿಟಲ್ ಲೈಬ್ರರಿಯ ಹಳೆಯ ವಿಳಾಸಗಳು ಈ ಜಾತಿಯವೇ. ಅಲ್ಲಿನ ಪ್ರತಿಯೊಂದು ಪುಸ್ತಕಕ್ಕೂ ಪಥ ಒಂದೇ ಆಗಿತ್ತು: ‘ಮೆಟಾಇನ್ಫೊ’ ಎಂಬ ಹೆಸರಿನ ಒಂದು ಪುಟ್ಟ ಕ್ರಮವಿಧಿ. ಪುಸ್ತಕದ ಗುರುತೆಲ್ಲ ಪ್ರಶ್ನಾಂಶದಲ್ಲಿ ತುಂಬಿತ್ತು. ಅದರ ಆಕಾರವನ್ನು ಕನ್ನಡ ಲಿಪಿಯಲ್ಲಿ ಸ್ಥೂಲವಾಗಿ ತೋರಿಸುವುದಾದರೆ ಹೀಗೆ:

…/ಮೆಟಾಇನ್ಫೊ?ಶೀರ್ಷಿಕೆ=…&ಕರ್ತೃ=…&ವಿಷಯ=…&ವರ್ಷ=…&ಭಾಷೆ=ಕನ್ನಡ&ಪುಟಗಳು=…&ಬಾರ್‌ಕೋಡ್=…&ಪ್ರಕಾಶಕ=…

ಇದರ ಮುಂದೆಯೂ ಸ್ಕ್ಯಾನ್ ಮಾಡಿದ ಕೇಂದ್ರ, ಹಕ್ಕುಗಳು, ಕಡತವಿರುವ ಸ್ಥಳ ಮುಂತಾದ ಹತ್ತಾರು ಜೋಡಿಗಳು ಬರುತ್ತಿದ್ದವು. ಮುದ್ರಿಸಿದರೆ ಐದಾರು ಸಾಲು ಹಿಡಿಯುವ ಈ ವಿಳಾಸಗಳನ್ನು ಕಂಡು ನಮ್ಮಲ್ಲಿ ಹಲವರು ಬೇಸರಪಟ್ಟದ್ದುಂಟು. ಆದರೆ ಈಗ ವಿಚಾರಿಸಿ ನೋಡಿದರೆ, ಆ ಉದ್ದವೇ ನಮ್ಮ ಪಾಲಿಗೆ ಉಪಕಾರವಾಗಿದೆ. ಗ್ರಂಥಾಲಯದ ಸೂಚೀಪತ್ರದಲ್ಲಿ ಒಂದು ಕಾರ್ಡಿನ ಮೇಲೆ ಏನೇನು ಬರೆದಿರುತ್ತದೆಯೋ ಅದೆಲ್ಲವೂ ವಿಳಾಸದ ಒಳಗೇ ಇದೆ. ಗ್ರಂಥಾಲಯ ಮುಚ್ಚಿಹೋದರೂ ಕಾರ್ಡು ಟಿಪ್ಪಣಿಯಲ್ಲಿ ಉಳಿದಿದೆ.

ಮುಂದೆ ಆ ಗ್ರಂಥಾಲಯವು ತನ್ನ ವ್ಯವಸ್ಥೆಯನ್ನು ಬದಲಾಯಿಸಿಕೊಂಡು, ಪ್ರತಿ ಪುಸ್ತಕಕ್ಕೂ ‘೨೦೧೫’ ಎಂಬ ಅಂಕೆಯ ಮುಂದೆ ಒಂದು ಕ್ರಮಸಂಖ್ಯೆಯನ್ನಿಟ್ಟು, ಪಥದಲ್ಲಿಯೇ ಗುರುತು ಮೂಡುವಂತಹ ಚಿಕ್ಕ ವಿಳಾಸಗಳನ್ನು ಕೊಟ್ಟಿತು. ಇಂಟರ್ನೆಟ್ ಆರ್ಕೈವಿಗೆ ಪುಸ್ತಕಗಳು ಹೋದಾಗ ಅಲ್ಲಿನ ಗುರುತು ಈ ಕ್ರಮಸಂಖ್ಯೆಯಿಂದಲೇ ಆಯಿತು. ಹಳೆಯ ಬಾರ್‌ಕೋಡು ಕೂಡ ಆರ್ಕೈವಿನ ವಿವರಪುಟದಲ್ಲಿ ಒಂದು ಬದಿಯಲ್ಲಿ ದಾಖಲಾಗಿ ಉಳಿಯಿತು. ಈ ಎರಡು ಸಂಗತಿಗಳನ್ನು ವಾಚಕರು ನೆನಪಿನಲ್ಲಿಡಬೇಕಾಗಿ ಪ್ರಾರ್ಥನೆ.

ಇನ್ನು ಮರುನಿರ್ದೇಶನವೆಂದರೇನು? ಬ್ರೌಸರು ಒಂದು ವಿಳಾಸವನ್ನು ಕೇಳಿದಾಗ ಸರ್ವರು ಪುಟವನ್ನೇ ಕೊಡುವ ಬದಲು, ‘ನೀವು ಕೇಳಿದ್ದು ಇಲ್ಲಿಲ್ಲ, ಇಂಥ ಕಡೆ ಇದೆ’ ಎಂದು ಉತ್ತರ ಕೊಡುವುದುಂಟು. ಬ್ರೌಸರು ಮರುಮಾತಿಲ್ಲದೆ ಹೊಸ ವಿಳಾಸಕ್ಕೆ ಹೋಗುತ್ತದೆ. ಈ ಉತ್ತರಗಳಿಗೆ ಸಂಖ್ಯೆಗಳಿವೆ. ೩೦೧ ಎಂದರೆ ಶಾಶ್ವತವಾಗಿ ಸ್ಥಳಾಂತರವಾಗಿದೆ. ೩೦೨ ಎಂದರೆ ಸದ್ಯಕ್ಕೆ ಬೇರೆ ಕಡೆ ಇದೆ. ೧೯೯೬ರಲ್ಲಿ ಪ್ರಕಟವಾದ ಎಚ್‌ಟಿಟಿಪಿ ವಿವರಣೆಯಲ್ಲಿಯೇ ಇವೆರಡೂ ಇವೆ. ನಮೂನೆ ತುಂಬಿ ಕಳಿಸಿದ ಮಾಹಿತಿ ದಾರಿಯಲ್ಲಿ ಕಳೆಯದಂತೆ ನೋಡಿಕೊಳ್ಳುವ ೩೦೭, ೩೦೮ ಎಂಬವು ಮುಂದೆ ಬಂದವು. ಪುಸ್ತಕ ಓದುವ ಕೆಲಸಕ್ಕೆ ಅವು ಬೇಕಾಗುವುದಿಲ್ಲ. ೪೦೪ ಎಂಬುದು ‘ಕಾಣಲಿಲ್ಲ’ ಎಂಬ ಉತ್ತರ, ಎಲ್ಲರೂ ಬಲ್ಲರು. ಅಷ್ಟು ಪರಿಚಿತವಲ್ಲದ ೪೧೦ ಎಂಬುದು ‘ಇತ್ತು, ಈಗ ಬೇಕೆಂದೇ ತೆಗೆದುಹಾಕಿದೆ’ ಎಂಬ ಅರ್ಥದ್ದು. ಕೃತಿಸ್ವಾಮ್ಯದ ಕಾರಣದಿಂದ ಹಿಂತೆಗೆದ ಪುಸ್ತಕಕ್ಕೆ ೪೦೪ಕ್ಕಿಂತ ೪೧೦ ಪ್ರಾಮಾಣಿಕವಾದ ಉತ್ತರ.

ಇಲ್ಲಿಯವರೆಗೆ ಸುಲಭ. ತೊಡಕು ಬರುವುದು, ಮರುನಿರ್ದೇಶನವು ಪ್ರಶ್ನಾಂಶವನ್ನು ಅವಲಂಬಿಸಬೇಕಾದಾಗ. ಜಾಲದಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವ ಅಪಾಚೆ ಎಂಬ ಸರ್ವರಿನಲ್ಲಿ ‘ರೀಡೈರೆಕ್ಟ್’ ಎಂಬ ಸರಳವಾದ ಆಜ್ಞೆಯೊಂದಿದೆ. ಹಳೆಯ ಪಥ, ಹೊಸ ವಿಳಾಸ ಎರಡನ್ನೂ ಕೊಟ್ಟರೆ ಕೆಲಸ ಮುಗಿಯಿತು. ಆದರೆ ಈ ಆಜ್ಞೆ ಪಥವನ್ನು ಮಾತ್ರ ನೋಡುತ್ತದೆ. ಪ್ರಶ್ನಾರ್ಥಕ ಚಿಹ್ನೆಯ ಮುಂದಿನದು ಅದಕ್ಕೆ ಕಾಣುವುದೇ ಇಲ್ಲ. ಕಾಲೋನಿಯ ಹೆಸರನ್ನಷ್ಟೇ ಕೇಳಿಸಿಕೊಂಡು ಸೆಕ್ಟರನ್ನು ಕೇಳದ ಚಾಲಕನಂತೆ, ‘ಮೆಟಾಇನ್ಫೊ’ ಎಂದು ಬಂದವರನ್ನೆಲ್ಲ ಅದು ಒಂದೇ ಬಾಗಿಲಿಗೆ ಒಯ್ದು ಬಿಡುತ್ತದೆ. ಮೊದಲ ಬಾರಿಗೆ ಈ ಕೆಲಸಕ್ಕೆ ಕೈಹಾಕಿದವರೆಲ್ಲ ಎಡವುವುದು ಇಲ್ಲಿಯೇ. ಆಜ್ಞೆಯ ಹಳೆಯ ಪಥದಲ್ಲಿ ಪ್ರಶ್ನಾಂಶವನ್ನೂ ಸೇರಿಸಿ ಬರೆದರೆ ತಪ್ಪೆಂದು ಸರ್ವರು ಹೇಳುವುದಿಲ್ಲ. ಮೌನವಾಗಿರುತ್ತದೆ, ಆ ನಿಯಮ ಎಂದಿಗೂ ಅನ್ವಯವಾಗುವುದಿಲ್ಲ.

ಇದಕ್ಕೆ ಪರಿಹಾರ ಅಪಾಚೆಯಲ್ಲಿಯೇ ಇದೆ. ರಾಲ್ಫ್ ಎಂಗೆಲ್‌ಶಾಲ್ ಎಂಬುವರು ೧೯೯೬ರಲ್ಲಿ ರಚಿಸಿ ಮರುವರ್ಷ ಅಪಾಚೆ ಬಳಗಕ್ಕೆ ದಾನವಾಗಿ ಕೊಟ್ಟ ‘ಮಾಡ್-ರೀರೈಟ್’ ಎಂಬ ಘಟಕ ಅದು. ಇದರಲ್ಲಿ ಎರಡು ವಾಕ್ಯಗಳು ಜೊತೆಯಾಗಿ ಕೆಲಸ ಮಾಡುತ್ತವೆ. ‘ರೀರೈಟ್‌ಕಾಂಡ್’ ಎಂಬುದು ನಿಬಂಧನೆ; ಅದರಲ್ಲಿ ಪ್ರಶ್ನಾಂಶವನ್ನು ಹೆಸರಿಸಿ, ಇಂಥ ಮಾದರಿಯಲ್ಲಿದ್ದರೆ ಎಂದು ಷರತ್ತು ಹಾಕಬಹುದು. ‘ರೀರೈಟ್‌ರೂಲ್’ ಎಂಬುದು ವಿಧಿ. ಷರತ್ತು ಸಲ್ಲುವುದಾದರೆ ಹೀಗೆ ಮಾಡು ಎಂದು ಅದು ಹೇಳುತ್ತದೆ. ನಿಬಂಧನೆಯಲ್ಲಿ ಕಂಸದೊಳಗೆ ಹಿಡಿದ ಅಂಶವನ್ನು, ಎಂದರೆ ಬಾರ್‌ಕೋಡಿನ ಅಂಕೆಗಳನ್ನು, ಶೇಕಡ ಚಿಹ್ನೆಯ ಮುಂದೆ ೧ ಎಂದು ಬರೆದು ವಿಧಿಯಲ್ಲಿ ಬಳಸಿಕೊಳ್ಳಬಹುದು. ಓದುವಾಗ ನಿಬಂಧನೆ ಮೇಲೆ, ವಿಧಿ ಕೆಳಗೆ ಇರುತ್ತದೆ. ಸರ್ವರು ಮಾತ್ರ ಮೊದಲು ವಿಧಿಯ ಪಥವನ್ನು ನೋಡಿ, ಅದು ಹೊಂದಿದರೆ ಅನಂತರ ಮೇಲಿನ ನಿಬಂಧನೆಗೆ ಬರುತ್ತದೆ. ವ್ಯಾಕರಣದಲ್ಲಿ ಅಪವಾದಸೂತ್ರವನ್ನು ಉತ್ಸರ್ಗದೊಡನೆ ಕೂಡಿಸಿ ಓದುವ ಅಭ್ಯಾಸವುಳ್ಳವರಿಗೆ ಇದು ವಿಚಿತ್ರವೆನಿಸದು.

೨೦೦೪ರಲ್ಲಿ ಇಗೋರ್ ಸಿಸೋಯೆವ್ ಎಂಬ ರಷ್ಯನ್ ತಂತ್ರಜ್ಞರು ಹೊರತಂದ ‘ಎಂಜಿನ್‌ಎಕ್ಸ್’ ಎಂಬ ಸರ್ವರಿನ ಕ್ರಮ ಇನ್ನೂ ನೇರವಾದುದು. ಅಲ್ಲಿಯೂ ಸ್ಥಳವನ್ನು ನಿರ್ಧರಿಸುವ ವಾಕ್ಯ ಪಥವನ್ನಷ್ಟೇ ನೋಡುತ್ತದೆ. ಆದರೆ ಪ್ರತಿಯೊಂದು ಪ್ಯಾರಾಮೀಟರಿನ ಬೆಲೆಯೂ ಅದರ ಹೆಸರಿನಿಂದಲೇ ಬೇರೆಯಾಗಿ ದೊರೆಯುತ್ತದೆ. ‘ಮ್ಯಾಪ್’ ಎಂಬ ಕೋಷ್ಟಕದಲ್ಲಿ ಎಡಗಡೆ ಹಳೆಯ ಬೆಲೆ, ಬಲಗಡೆ ಹೊಸ ವಿಳಾಸ ಬರೆದಿಟ್ಟರೆ ಸಾಕು.

ಕೋಷ್ಟಕವೆಂದೆನಷ್ಟೆ, ಈ ವಿಷಯದಲ್ಲಿ ನನ್ನ ವೃತ್ತಿಯಿಂದ ಒಂದು ಉದಾಹರಣೆ ಕೊಡುತ್ತೇನೆ. ಮರುನಿರ್ದೇಶನಗಳಲ್ಲಿ ಎರಡು ಜಾತಿಗಳಿವೆ: ಸೂತ್ರದಿಂದ ಆಗುವುದು, ಕೋಷ್ಟಕದಿಂದ ಆಗುವುದು. ಇವುಗಳ ಭೇದ ನನಗೆ ಸ್ಪಷ್ಟವಾದದ್ದು ಸರ್ವರಿನಿಂದಲ್ಲ, ಬ್ಯಾಂಕುಗಳ ವಿಲೀನದಿಂದ. ಶಾಖೆಗಳನ್ನು ಗುರುತಿಸುವ ಐಎಫ್‌ಎಸ್‌ಸಿ ಎಂಬ ಸಂಕೇತಕ್ಕೆ ೧೧ ಸ್ಥಾನಗಳು. ಮೊದಲ ೪ ಬ್ಯಾಂಕಿನ ಗುರುತು, ಐದನೆಯದು ಸೊನ್ನೆ, ಕೊನೆಯ ೬ ಶಾಖೆಯ ಗುರುತು. ೨೦೨೦ನೆಯ ಏಪ್ರಿಲ್ ೧ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಸೇರಿತು. ಆಗ ಸಿಂಡಿಕೇಟಿನ ಶಾಖೆಗಳಿಗೆ ಹೊಸ ಸಂಕೇತ ಕೊಟ್ಟ ರೀತಿ ಸುಂದರವಾದುದು: ಮೊದಲ ನಾಲ್ಕು ಅಕ್ಷರಗಳನ್ನು ಕೆನರಾದವುಗಳಿಂದ ಬದಲಿಸಿ, ಶಾಖೆಯ ಸಂಖ್ಯೆಗೆ ಹತ್ತು ಸಾವಿರ ಕೂಡಿಸಬೇಕು. ೦೦೧೨೩೪ ಎಂದಿದ್ದುದು ೦೧೧೨೩೪ ಆಗುತ್ತದೆ. ಗುಮಾಸ್ತನು ಪಟ್ಟಿಯನ್ನು ನೋಡಬೇಕಾದುದೇ ಇಲ್ಲ. ಇದಕ್ಕೆ ಒಂದು ವರ್ಷ ಮೊದಲು, ೨೦೧೯ನೆಯ ಏಪ್ರಿಲ್ ೧ರಂದು, ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಗಿತ್ತು. ಅಲ್ಲಿ ಹಳೆಯ ಶಾಖಾಸಂಖ್ಯೆಯ ಬದಲು ‘ವಿಜೆ’ ಎಂಬುದರ ಮುಂದೆ ಶಾಖೆಯ ಹೆಸರನ್ನು ಸೂಚಿಸುವ ಅಕ್ಷರಗಳು ಬಂದವು. ಹಳೆಯ ಸಂಖ್ಯೆಯಿಂದ ಹೊಸದನ್ನು ಲೆಕ್ಕ ಹಾಕಿ ಪಡೆಯುವ ಉಪಾಯವಿಲ್ಲ. ಪಟ್ಟಿಯಲ್ಲಿ ಬೆರಳಿಟ್ಟು ಹುಡುಕಲೇಬೇಕು. ಎರಡೂ ಕರಾವಳಿ ಕರ್ನಾಟಕದಲ್ಲಿ ಹುಟ್ಟಿದ ಬ್ಯಾಂಕುಗಳೇ. ಆದರೆ ಒಂದು ಸೂತ್ರಕ್ಕೆ ವಶವಾಯಿತು, ಮತ್ತೊಂದು ಆಗಲಿಲ್ಲ.

ಡಿಜಿಟಲ್ ಲೈಬ್ರರಿಯ ವಿಳಾಸಗಳಲ್ಲಿಯೂ ಇದೇ ಎರಡು ಜಾತಿಗಳನ್ನು ಕಾಣಬಹುದು. ೨೦೧೫ರ ಕ್ರಮಸಂಖ್ಯೆಯುಳ್ಳ ವಿಳಾಸ ಸಿಂಡಿಕೇಟಿನಂತೆ: ಸಂಖ್ಯೆಯನ್ನು ಹಾಗೆಯೇ ಎತ್ತಿ ಆರ್ಕೈವಿನ ಗುರುತಿನ ಕೊನೆಗೆ ಅಂಟಿಸಿದರೆ ಪುಸ್ತಕ ದೊರೆಯುತ್ತದೆ. ಒಂದು ಸಾಲಿನ ವಿಧಿ ಎಲ್ಲ ಪುಸ್ತಕಗಳಿಗೂ ಸಾಕು. ಪ್ರಶ್ನಾಂಶದಲ್ಲಿ ಬಾರ್‌ಕೋಡು ಇರುವ ಹಳೆಯ ವಿಳಾಸ ವಿಜಯಾ ಬ್ಯಾಂಕಿನಂತೆ: ಬಾರ್‌ಕೋಡಿನ ಅಂಕೆಗಳಿಗೂ ಕ್ರಮಸಂಖ್ಯೆಗೂ ಯಾವ ಗಣಿತಸಂಬಂಧವೂ ಇಲ್ಲ. ಆದರೆ ಆರ್ಕೈವಿನ ವಿವರಪುಟದಲ್ಲಿ ಎರಡೂ ಒಟ್ಟಿಗೆ ದಾಖಲಾಗಿರುವುದರಿಂದ ಕೋಷ್ಟಕವನ್ನು ತಯಾರಿಸುವುದು ಸಾಧ್ಯ. ಅಪಾಚೆಯಲ್ಲಿ ಇಂಥ ಕೋಷ್ಟಕಕ್ಕೆ ‘ರೀರೈಟ್‌ಮ್ಯಾಪ್’ ಎಂದು ಹೆಸರು. ಒಂದು ಸಾಲಿಗೆ ಒಂದು ಬಾರ್‌ಕೋಡು, ಒಂದು ಕ್ರಮಸಂಖ್ಯೆ; ನಡುವೆ ತೆರಪು. ಸಾಲುಗಳು ಸಾವಿರಾರು ಆದಾಗ ಅದನ್ನು ಬೇಗ ಹುಡುಕಲು ಬರುವ ಕಡತವಾಗಿ ಮಾರ್ಪಡಿಸುವ ಉಪಕರಣವೂ ಅಪಾಚೆಯ ಜೊತೆಗೇ ಬರುತ್ತದೆ. ಒಂದು ಎಚ್ಚರಿಕೆ: ಈ ಕೋಷ್ಟಕವನ್ನು ಸರ್ವರಿನ ಮುಖ್ಯ ವಿನ್ಯಾಸಕಡತದಲ್ಲಿ ಮಾತ್ರ ಘೋಷಿಸಬಹುದು. ಸಂಘಸಂಸ್ಥೆಗಳು ಬಾಡಿಗೆಗೆ ಪಡೆಯುವ ಹಂಚಿಕೆಯ ಸರ್ವರುಗಳಲ್ಲಿ ನಮ್ಮ ಕೈಗೆ ಸಿಗುವುದು ಕೋಶದೊಳಗಿನ ಚಿಕ್ಕ ಕಡತವಷ್ಟೇ. ಅಲ್ಲಿ ಘೋಷಣೆ ಸಲ್ಲದು. ಅಂಥ ಕಡೆ ಹತ್ತಿಪ್ಪತ್ತು ಸಾಲಿನ ಒಂದು ಪಿಎಚ್‌ಪಿ ಕ್ರಮವಿಧಿ ಬರೆದು, ಕೋಷ್ಟಕವನ್ನು ಅದರಿಂದಲೇ ಓದಿಸುವುದು ಲೇಸು.

ಇಲ್ಲಿ ಒಂದು ಶಂಕೆ ಹುಟ್ಟಬಹುದು. ಶೀರ್ಷಿಕೆ, ಕರ್ತೃ ಎಲ್ಲವೂ ಪ್ರಶ್ನಾಂಶದಲ್ಲಿರುವಾಗ ಬಾರ್‌ಕೋಡನ್ನೇ ಏಕೆ ಹಿಡಿಯಬೇಕು? ಆ ಶೀರ್ಷಿಕೆಗಳು ರೋಮನ್ ಲಿಪಿಯಲ್ಲಿವೆ, ಅವುಗಳಿಗೆ ಒಂದು ನಿಯತವಾದ ಲಿಪ್ಯಂತರಕ್ರಮವಿಲ್ಲ ಎಂಬುದೇ ಉತ್ತರ. ದೀರ್ಘಸ್ವರವನ್ನು ಒಬ್ಬರು ಎರಡು ಅಕ್ಷರಗಳಿಂದ ಬರೆದರು, ಮತ್ತೊಬ್ಬರು ಒಂದರಿಂದ. ಳಕಾರ ಲಕಾರಗಳು ಬೆರೆತವು. ಕೆಲವೆಡೆ ಕರ್ತೃವಿನ ಸ್ಥಾನದಲ್ಲಿ ಪ್ರಕಾಶಕನ ಹೆಸರು ಕುಳಿತಿದೆ. ಸೂಚಿಯನ್ನು ಕನ್ನಡ ಬಾರದ ಕೈಗಳು ಬೆರಳಚ್ಚು ಮಾಡಿದಂತೆ ತೋರುತ್ತದೆ. ಬಾರ್‌ಕೋಡು ಅಂಕೆ, ಅಂಕೆಗೆ ಉಚ್ಚಾರದ ಗೊಡವೆಯಿಲ್ಲ.

ಶೀರ್ಷಿಕೆಗಳು ಕನ್ನಡ ಲಿಪಿಯಲ್ಲಿದ್ದಿದ್ದರೆ ಸುಲಭವಾಗುತ್ತಿತ್ತೆ? ಅದೂ ಇಲ್ಲ. ಜಾಲವಿಳಾಸದಲ್ಲಿ ಕನ್ನಡ ಅಕ್ಷರ ನೇರವಾಗಿ ಸಂಚರಿಸುವುದಿಲ್ಲ. ಯೂನಿಕೋಡಿನ ಒಂದೊಂದು ಕನ್ನಡ ಚಿಹ್ನೆಯೂ ಯುಟಿಎಫ್-೮ ರೂಪದಲ್ಲಿ ಮೂರು ಬೈಟುಗಳಾಗಿ, ಒಂದೊಂದು ಬೈಟೂ ಶೇಕಡ ಚಿಹ್ನೆ ಮತ್ತು ಎರಡು ಸಂಕೇತಗಳಾಗಿ, ಒಟ್ಟು ಒಂಬತ್ತು ಸ್ಥಾನಗಳನ್ನು ಹಿಡಿಯುತ್ತದೆ. ‘ವಿಶಾಖಪಟ್ಟಣ’ ಎಂಬ ಪದದಲ್ಲಿ ಸ್ವರಚಿಹ್ನೆ, ವಿರಾಮಚಿಹ್ನೆಗಳೂ ಸೇರಿ ಹತ್ತು ಚಿಹ್ನೆಗಳಿವೆ. ವಿಳಾಸದಲ್ಲಿ ಅದು ತೊಂಬತ್ತು ಸ್ಥಾನಗಳ ಸರಪಳಿಯಾಗುತ್ತದೆ. ಅಪಾಚೆಯ ವಿಧಿಯು ಪಥವನ್ನು ನೋಡುವಾಗ ಈ ಸರಪಳಿಯನ್ನು ಬಿಡಿಸಿ ಅಕ್ಷರವಾಗಿಯೇ ನೋಡುತ್ತದೆ. ನಿಬಂಧನೆಯು ಪ್ರಶ್ನಾಂಶವನ್ನು ನೋಡುವಾಗ ಬಿಡಿಸದೆ ಸರಪಳಿಯನ್ನೇ ನೋಡುತ್ತದೆ. ಒಂದೇ ಪದಕ್ಕೆ ಎರಡು ಕಡೆ ಎರಡು ಮಾದರಿ ಬರೆಯಬೇಕಾದ ಈ ವೈಷಮ್ಯ ಇಂಗ್ಲಿಷಿನಲ್ಲಿ ಕೆಲಸ ಮಾಡುವವರ ಗಮನಕ್ಕೆ ಬರುವುದೇ ಅಪರೂಪ.

ಇದಕ್ಕಿಂತ ಸೂಕ್ಷ್ಮವಾದುದು ಮತ್ತೊಂದಿದೆ. ‘ಕೋಶ’ ಎಂಬಲ್ಲಿಯ ಓಕಾರದ ಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು. ಒಕಾರದ ಚಿಹ್ನೆ ಮತ್ತು ದೀರ್ಘ ಎಂದು ಎರಡಾಗಿಯೂ ಬರೆಯಬಹುದು. ಒಕಾರವನ್ನೇ ಮತ್ತೆ ಒಡೆದು ಮೂರಾಗಿಯೂ ಬರೆಯಬಹುದು. ತೆರೆಯ ಮೇಲೆ ಮೂರೂ ಒಂದೇ. ಮಾನದಂಡವೂ ಅವು ಸಮಾನವೆಂದೇ ಹೇಳುತ್ತದೆ. ಸರ್ವರು ಮಾತ್ರ ಬೈಟುಗಳನ್ನು ಎಣಿಸುತ್ತದೆ. ಅದರ ದೃಷ್ಟಿಯಲ್ಲಿ ಇವು ಮೂರು ಬೇರೆ ಬೇರೆ ಪದಗಳು. ಕನ್ನಡ ಪದವನ್ನು ಪ್ಯಾರಾಮೀಟರಿನಲ್ಲಿಟ್ಟು ಕೋಷ್ಟಕ ಕಟ್ಟುವವರು, ಬಂದ ಬೆಲೆಯನ್ನು ಮೊದಲು ಸಂಯುಕ್ತರೂಪಕ್ಕೆ ತಂದು ಅನಂತರ ಹುಡುಕಬೇಕು. ಈ ಕಾರ್ಯವನ್ನು ಮಾಡ್-ರೀರೈಟಿನ ಮಾದರಿಗಳಿಂದ ಮಾಡಲಾಗದು, ಕ್ರಮವಿಧಿಯೇ ಬೇಕು.

ಮಾದರಿಗಳನ್ನು ಬರೆಯುವಾಗ ನಾನೇ ಮಾಡಿದ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ನಮ್ಮ ತ್ರೈಮಾಸಿಕದ ಹಳೆಯ ಸಂಚಿಕೆಗಳನ್ನು ಒಂದು ಜಾಲತಾಣದಿಂದ ಮತ್ತೊಂದಕ್ಕೆ ಸಾಗಿಸಿದಾಗ, ‘ಸಂಚಿಕೆ=೧’ ಎಂದು ಬಂದವರನ್ನು ಒಂದನೆಯ ಸಂಚಿಕೆಯ ಹೊಸ ಪುಟಕ್ಕೆ ಕಳಿಸುವ ನಿಬಂಧನೆಯನ್ನು ಬರೆದು, ಅದರ ಕೆಳಗೆ ಎರಡು, ಮೂರು ಎಂದು ಕ್ರಮವಾಗಿ ಉಳಿದವನ್ನು ಬರೆದೆ. ಕೆಲವು ದಿನಗಳ ಮೇಲೆ ವಿಜಯವಾಡದ ಹಿರಿಯ ಸದಸ್ಯರೊಬ್ಬರು ದೂರವಾಣಿಯಲ್ಲಿ, ‘ಏನು ಸ್ವಾಮಿ, ಹನ್ನೆರಡನೆಯ ಸಂಚಿಕೆ ಕೇಳಿದರೂ ನಿಮ್ಮ ಯಂತ್ರ ಮೊದಲನೆಯದನ್ನೇ ಕೊಡುತ್ತದಲ್ಲ, ಅದರಲ್ಲಿ ನಿಮ್ಮ ಲೇಖನವಿದೆಯೆಂದೋ?’ ಎಂದು ಕೇಳಿದರು. ೧೦, ೧೧, ೧೨ ಎಲ್ಲದರ ಆದಿಯಲ್ಲಿಯೂ ‘ಸಂಚಿಕೆ=೧’ ಎಂಬುದು ಇದ್ದೇ ಇದೆ! ಬೆಲೆಯ ಮುಂದೆ ‘&’ ಚಿಹ್ನೆಯೋ ಪ್ರಶ್ನಾಂಶದ ಅಂತ್ಯವೋ ಬರಲೇಬೇಕೆಂದು ಮಾದರಿಯಲ್ಲಿ ಎಲ್ಲೆ ಕಟ್ಟಬೇಕಿತ್ತು. ಹಿಂದೆಯೂ ಹಾಗೆಯೇ. ಇಲ್ಲದಿದ್ದರೆ ‘ಉಪಸಂಚಿಕೆ=೧’ ಎಂಬುದರೊಳಗೆ ‘ಸಂಚಿಕೆ=೧’ ಸಿಕ್ಕಿಬೀಳುತ್ತದೆ. ಎಲ್ಲೆಯನ್ನು ಹೀಗೆ ಕಟ್ಟಿದರೆ ಪ್ಯಾರಾಮೀಟರುಗಳ ಅನುಕ್ರಮದ ತೊಂದರೆಯೂ ತಪ್ಪುತ್ತದೆ. ಬಾರ್‌ಕೋಡು ಮೊದಲು ಬಂದರೂ ವರ್ಷ ಮೊದಲು ಬಂದರೂ ವಿಳಾಸದ ಅರ್ಥ ಒಂದೇ ಆದುದರಿಂದ, ಮಾದರಿ ಅನುಕ್ರಮವನ್ನು ಅವಲಂಬಿಸಕೂಡದು.

ಅದೇ ಸಂದರ್ಭದಲ್ಲಿ ಕಂಡ ಇನ್ನೊಂದು ವಿಚಿತ್ರ: ಹೊಸ ವಿಳಾಸಕ್ಕೆ ಹೋದ ಮೇಲೂ ಹಳೆಯ ಪ್ರಶ್ನಾಂಶ ಬಾಲದಂತೆ ಅಂಟಿಕೊಂಡೇ ಹೋಗುತ್ತಿತ್ತು. ಅಪಾಚೆಯ ಸಹಜಧರ್ಮವೇ ಅದು. ಹೊಸ ವಿಳಾಸದಲ್ಲಿ ಬೇರೆ ಪ್ರಶ್ನಾಂಶ ಕೊಡದಿದ್ದರೆ ಹಳೆಯದನ್ನೇ ಮುಂದಕ್ಕೆ ಸಾಗಿಸುತ್ತದೆ. ಹೊಸ ಪುಟವೂ ಅದೇ ಸರ್ವರಿನಲ್ಲಿದ್ದು ಪಥದ ಮಾದರಿ ಸಡಿಲವಾಗಿದ್ದರೆ, ಬಾಲ ಸಮೇತ ಹೋದ ಕೋರಿಕೆ ಮತ್ತೆ ಅದೇ ನಿಬಂಧನೆಗೆ ಸಿಕ್ಕಿ ಮತ್ತೆ ಕಳಿಸಲ್ಪಟ್ಟು ಸುತ್ತತೊಡಗುತ್ತದೆ. ಕೊನೆಗೆ ಬ್ರೌಸರು ಬೇಸತ್ತು ಕೈಚೆಲ್ಲುತ್ತದೆ. ಹೊಸ ವಿಳಾಸದ ತುದಿಯಲ್ಲಿ ಬರಿಯ ಪ್ರಶ್ನಾರ್ಥಕ ಚಿಹ್ನೆಯೊಂದನ್ನಿಡುವುದು ಇದಕ್ಕೆ ಹಳೆಯ ಮದ್ದು, ಅಪಾಚೆ ೨.೪ರಿಂದ ಈಚೆಗೆ ‘ಕ್ಯೂಎಸ್‌ಡಿ’ ಎಂಬ ಸಂಕೇತವನ್ನು ವಿಧಿಗೆ ಸೇರಿಸಿದರೂ ಸರಿಯೆ.

ಬ್ಯಾಂಕಿನಲ್ಲಿರುವವನಾದುದರಿಂದ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಕೆಲವರು ಶ್ರಮವನ್ನುಳಿಸಲು, ಹೋಗಬೇಕಾದ ವಿಳಾಸವನ್ನೇ ಪ್ಯಾರಾಮೀಟರಿನಲ್ಲಿಟ್ಟು, ‘ಅಲ್ಲಿ ಏನು ಬರೆದಿದೆಯೋ ಅಲ್ಲಿಗೆ ಕಳಿಸು’ ಎಂದು ಸರ್ವರಿಗೆ ಹೇಳುತ್ತಾರೆ. ಇದು ಸಹಿ ಮಾಡಿದ ಖಾಲಿ ಚೆಕ್ಕನ್ನು ಬೀದಿಯಲ್ಲಿಟ್ಟಂತೆ. ವಂಚಕನು ನಮ್ಮ ಸಂಘದ ಹೆಸರಿನಿಂದ ಆರಂಭವಾಗುವ ವಿಳಾಸದ ಕೊನೆಗೆ ತನ್ನ ಕಳ್ಳಪುಟದ ವಿಳಾಸವನ್ನು ಸೇರಿಸಿ ಹಂಚಿದರೆ, ನಮ್ಮ ಹೆಸರನ್ನು ನಂಬಿ ಒತ್ತಿದ ಸದಸ್ಯನು ಅಲ್ಲಿಗೆ ಹೋಗಿ ಬೀಳುತ್ತಾನೆ. ಪ್ಯಾರಾಮೀಟರಿನಲ್ಲಿ ಗುರುತು ಮಾತ್ರ ಇರಬೇಕು. ವಿಳಾಸ ನಮ್ಮ ಕೋಷ್ಟಕದಲ್ಲಿರಬೇಕು. ಕೋಷ್ಟಕದಲ್ಲಿ ಇಲ್ಲದ ಗುರುತು ಬಂದರೆ ೪೦೪ ಎಂದು ಹೇಳಿ ಸುಮ್ಮನಾಗಬೇಕು. ಮುಖಪುಟಕ್ಕೆ ಕಳಿಸುವ ಉಪಚಾರವೂ ಬೇಡ, ವಾಚಕನು ತನಗೆ ಬೇಕಾದುದು ಸಿಕ್ಕಿತೆಂದು ಮೋಸಹೋದಾನು.

೩೦೧ನ್ನು ಕೊಡಬೇಕೆ, ೩೦೨ನ್ನೇ? ಶಾಶ್ವತವೆಂಬ ಉತ್ತರವನ್ನು ಬ್ರೌಸರುಗಳು ನೆನಪಿಟ್ಟುಕೊಳ್ಳುತ್ತವೆ; ಮುಂದಿನ ಸಲ ನಮ್ಮನ್ನು ಕೇಳದೆ ನೇರವಾಗಿ ಹೋಗಿಬಿಡುತ್ತವೆ. ನಾವು ತಪ್ಪು ಪುಟವನ್ನು ಶಾಶ್ವತವೆಂದು ಹೇಳಿದ್ದರೆ, ನಮ್ಮ ಕಡೆ ತಿದ್ದಿದರೂ ಅವರ ಕಡೆ ತಪ್ಪು ಉಳಿಯುತ್ತದೆ. ಲೆಡ್ಜರಿನಲ್ಲಿ ಮೊದಲು ಪೆನ್ಸಿಲಿನಿಂದ ಗುರುತು ಹಾಕಿ, ತಾಳೆ ನೋಡಿದ ಮೇಲೆ ಶಾಯಿಯಿಂದ ಬರೆಯುತ್ತಿದ್ದ ಹಳೆಯ ಗುಮಾಸ್ತರ ಪದ್ಧತಿ ಇಲ್ಲಿ ಅನುಸರಣೀಯ. ಪುಸ್ತಕದ ಪ್ರತಿ ಇಂದು ಆರ್ಕೈವಿನಲ್ಲಿದೆ, ನಾಳೆ ಬೇರೆ ಭಂಡಾರದಲ್ಲಿರಬಹುದು. ಆದುದರಿಂದ ಅಡಿಟಿಪ್ಪಣಿಗಳ ಮಟ್ಟಿಗೆ ನನ್ನ ಅಭಿಪ್ರಾಯ ೩೦೨ರ ಕಡೆಗೆ.

ಇಷ್ಟೆಲ್ಲ ಇದ್ದರೂ ಮೂಲ ಪ್ರಶ್ನೆ ಉಳಿದೇ ಇದೆ. ಮರುನಿರ್ದೇಶನವನ್ನು ಮಾಡತಕ್ಕವರು ಹಳೆಯ ಮನೆಯವರು. ಹಳೆಯ ಹೆಸರಿನ ಸರ್ವರು ಬದುಕಿದ್ದು, ಬಾಗಿಲಲ್ಲಿ ಒಬ್ಬ ಕಾವಲುಗಾರನಾದರೂ ಇದ್ದರೆ ಮಾತ್ರ ‘ಅವರು ಅಲ್ಲಿಗೆ ಹೋದರು’ ಎಂಬ ಉತ್ತರ ದೊರೆಯುತ್ತದೆ. ಡಿಜಿಟಲ್ ಲೈಬ್ರರಿಯ ಬಾಗಿಲಲ್ಲಿ ಆ ಕಾವಲುಗಾರ ಇಲ್ಲ. ವಿಜಯಾ ಬ್ಯಾಂಕಿನ ಹಳೆಯ ಸಂಕೇತಗಳನ್ನು ೨೦೨೧ರ ಮಾರ್ಚ್ ೧ರಿಂದಲೂ ಸಿಂಡಿಕೇಟಿನವನ್ನು ಅದೇ ವರ್ಷದ ಜುಲೈ ೧ರಿಂದಲೂ ನಿಲ್ಲಿಸಿದಾಗ, ಗ್ರಾಹಕರಿಗೆ ಮೊದಲೇ ತಿಳಿಸಿ ಚೆಕ್ಕುಪುಸ್ತಕಗಳನ್ನು ಬದಲಾಯಿಸಿಕ್ಕೊಡಲಾಯಿತು. ಮುದ್ರಿತವಾದ ಸಂಶೋಧನ ಸಂಚಿಕೆಯನ್ನು ಹಾಗೆ ಬದಲಾಯಿಸಿಕೊಡಲಾಗುವುದಿಲ್ಲ. ಅದು ಕಪಾಟಿನಲ್ಲಿ ಐವತ್ತು ವರ್ಷವೂ ಇರುತ್ತದೆ, ಅದರ ಟಿಪ್ಪಣಿಯೂ ಇರುತ್ತದೆ.

ಆದುದರಿಂದ ನಾವು ಮಾಡಬಹುದಾದುದು, ಹಳೆಯ ಬಾಗಿಲಿನ ಬದಲು ನಮ್ಮದೇ ಒಂದು ಬಾಗಿಲನ್ನು ಇಟ್ಟುಕೊಳ್ಳುವುದು. ಸಂಘದ ತಾಣದಲ್ಲಿ ‘ಗ್ರಂಥ’ ಎಂಬ ಒಂದು ಪಥವಿರಲಿ. ಅದರ ಮುಂದೆ ‘ಬಾರ್‌ಕೋಡ್’ ಎಂಬ ಒಂದೇ ಪ್ಯಾರಾಮೀಟರು. ಹಳೆಯ ಟಿಪ್ಪಣಿಯ ವಿಳಾಸವನ್ನು ಯಾರಾದರೂ ಪೂರ್ತಿಯಾಗಿ ತಂದು ಅಲ್ಲಿ ಅಂಟಿಸಿದರೆ, ಕ್ರಮವಿಧಿಯು ಬಾರ್‌ಕೋಡನ್ನು ಮಾತ್ರ ಹೆಕ್ಕಿಕೊಂಡು, ಕೋಷ್ಟಕವನ್ನು ನೋಡಿ, ಆರ್ಕೈವಿನ ಪುಟಕ್ಕೆ ಕಳಿಸಲಿ. ಮುಂದಿನ ಸಂಚಿಕೆಗಳ ಟಿಪ್ಪಣಿಗಳಲ್ಲಿ ನೇರವಾಗಿ ಈ ನಮ್ಮ ವಿಳಾಸವನ್ನೇ ಮುದ್ರಿಸಬಹುದು. ಪುಸ್ತಕದ ಮನೆ ಬದಲಾದರೆ ಕೋಷ್ಟಕದ ಒಂದು ಸಾಲನ್ನು ತಿದ್ದಿದರೆ ಸಾಕು. ಇದಕ್ಕೆ ಬೇಕಾದುದು ಹಣಕ್ಕಿಂತ ಹೆಚ್ಚಾಗಿ ತಾಣದ ಹೆಸರನ್ನು ವರ್ಷವರ್ಷವೂ ತಪ್ಪದೆ ನವೀಕರಿಸುವ ಒಬ್ಬ ಕಾರ್ಯದರ್ಶಿ.

ಈ ದೃಷ್ಟಿಯಿಂದ ನಮ್ಮ ಹಿಂದಿನ ಸಂಚಿಕೆಗಳ ಟಿಪ್ಪಣಿಗಳನ್ನು ತೆರೆದು ನೋಡಿದೆ. ೨೦೧೫ರ ಕ್ರಮಸಂಖ್ಯೆ ಇರುವವು ಕೂಡಲೇ ದಾರಿಗೆ ಬಂದವು. ಬಾರ್‌ಕೋಡು ಇರುವವನ್ನು ಒಂದೊಂದಾಗಿ ಆರ್ಕೈವಿನಲ್ಲಿ ಹುಡುಕಿ ಕೋಷ್ಟಕಕ್ಕೆ ಸೇರಿಸುತ್ತಿದ್ದೇನೆ. ಮೂರನೆಯ ಬಗೆಯವೇ ಕಷ್ಟ: ಸಾಲು ಉದ್ದವಾಯಿತೆಂದು ಅಚ್ಚಿಗೆ ಕಳಿಸುವಾಗ ಪ್ರಶ್ನಾರ್ಥಕ ಚಿಹ್ನೆಯಿಂದಾಚೆಗೆ ಎಲ್ಲವನ್ನೂ ಕತ್ತರಿಸಿ ಹಾಕಿದವು. ಕಾಲೋನಿಯ ಹೆಸರು ಉಳಿದು ಮನೆಯ ಸಂಖ್ಯೆ ಹೋಗಿದೆ. ಅಂಥ ಲೇಖನಗಳನ್ನು ಬರೆದವರು ತಮ್ಮ ಹಸ್ತಪ್ರತಿಯಲ್ಲಾಗಲಿ ಹಳೆಯ ಕಂಪ್ಯೂಟರಿನಲ್ಲಾಗಲಿ ಪೂರ್ಣವಿಳಾಸವನ್ನು ಉಳಿಸಿಕೊಂಡಿದ್ದರೆ ದಯವಿಟ್ಟು ಸಂಪಾದಕರಿಗೆ ಕಳಿಸಿಕೊಡಬೇಕು. ಇನ್ನು ಮುಂದೆ ಲೇಖನ ಕಳಿಸುವವರು, ಎಷ್ಟೇ ಉದ್ದವಾದರೂ, ಪ್ರಶ್ನಾಂಶವನ್ನು ಪೂರ್ತಿಯಾಗಿ ಬರೆದು ಕಳಿಸಬೇಕೆಂದು ಕೋರುತ್ತೇನೆ. ಮುದ್ರಣದಲ್ಲಿ ಎಷ್ಟನ್ನು ಉಳಿಸಬೇಕೆಂಬುದನ್ನು ಬಾರ್‌ಕೋಡನ್ನು ಕಂಡ ಮೇಲೆ ನಿರ್ಧರಿಸಬಹುದು.